ಹುಲಿಗೆಪ್ಪನ ಓಣಿ

"ಗುರುಗಳೇ, ಸತ್ತವರ ಹೆಸರನ್ನು ಬೀದಿಗೆ ಇಟ್ಟರೆ ಸತ್ತವರಿಗೆ ಏನು ಸಿಗುತ್ತದೆ?"

ಶಿಷ್ಯ ಆ ದಿನ ಪೇಟೆಗೆ ಹೋಗಿ ಬಂದಿದ್ದ. ಪೇಟೆಯಲ್ಲಿ ಬೀದಿಗಳಿಗೆ ಹೊಸದಾಗಿ ಹೆಸರು ಇಡುತ್ತಿದ್ದರು. ಒಂದು ಬೀದಿಗೆ ಯಾರ ಹೆಸರು ಇಡಬೇಕೆಂದು ಎರಡು ಮನೆಯವರು ಜಗಳವಾಡುವುದನ್ನು ಅವನು ನಿಂತು ನೋಡಿದ್ದ. ಅದರಿಂದ ಅವನಿಗೆ ಬೇಸರವಾಗಿತ್ತು.

"ಸತ್ತವರಿಗೆ ಅದು ಕೇಳಿಸುವುದಿಲ್ಲ. ಆ ಬೀದಿಯಲ್ಲಿ ನಡೆಯುವವರು ಫಲಕದ ಕಡೆ ನೋಡುವುದೂ ಇಲ್ಲ. ಹಾಗಿದ್ದ ಮೇಲೆ ಇದು ಯಾರಿಗೆ ಬೇಕು?" ಎಂದ.

ಗುರುಗಳು ಅವನಿಗೆ ಕೂರಲು ಹೇಳಿ, ಈ ಕತೆ ಹೇಳಿದರು.

ಒಂದು ಊರಿನಲ್ಲಿ ಸಂತೆ ಬಯಲಿನ ಹಿಂದೆ ಒಂದು ಓಣಿ ಇತ್ತು. ಅದಕ್ಕೆ ಹೆಸರು ಇರಲಿಲ್ಲ. ಸಂತೆಯ ಹಿಂದಿನ ಓಣಿ ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಆ ಓಣಿಯಲ್ಲಿ ಒಬ್ಬ ಬೆಲ್ಲದ ವ್ಯಾಪಾರಿಯ ಅಂಗಡಿ ಇತ್ತು. ಅಂಗಡಿಯ ಹಿಂದೆಯೇ ಅವನ ಮನೆ. ಊರಿನವರು ಅವನನ್ನು ಶೆಟ್ಟರು ಎನ್ನುತ್ತಿದ್ದರು. ಅಂಗಡಿಯ ಎದುರಿನ ಮನೆ ಎಲುಬು ಕೂಡಿಸುವವನದು. ಅವನ ಹೆಸರು ಹುಲಿಗೆಪ್ಪ. ಈ ಬಾಗಿಲಿನಿಂದ ಆ ಬಾಗಿಲಿಗೆ ಹನ್ನೆರಡು ಹೆಜ್ಜೆ.

ಸುತ್ತಲಿನ ಹಳ್ಳಿಗಳಲ್ಲಿ ಯಾರ ಕೈ ಮುರಿದರೂ ಕಾಲು ಮುರಿದರೂ ಹುಲಿಗೆಪ್ಪನ ಮನೆಗೆ ಬರುತ್ತಿದ್ದರು. ಬರುವಾಗ ನಾಲ್ಕು ಮೊಟ್ಟೆ, ಒಂದು ಬೊಗಸೆ ಉದ್ದಿನ ಹಿಟ್ಟು ತರಬೇಕು. ಹುಲಿಗೆಪ್ಪ ಎಲುಬನ್ನು ಬೆರಳಿನಿಂದ ಮುಟ್ಟಿ ನೋಡಿ ಕೂಡಿಸುತ್ತಿದ್ದ. ಮೊಟ್ಟೆಯ ಲೋಳೆಯಲ್ಲಿ ಹಿಟ್ಟು ಕಲಸಿ ಬಳಿಯುತ್ತಿದ್ದ. ಮೇಲೆ ಬಿದಿರಿನ ದಬ್ಬೆ ಇಟ್ಟು ಬಟ್ಟೆಯಿಂದ ಬಿಗಿದು ಕಟ್ಟುತ್ತಿದ್ದ. ಅಷ್ಟೇ ಅವನ ವಿದ್ಯೆ.

ಬಂದವರಿಗೆ ಕೂರಲು ಅವನ ಮನೆಯಲ್ಲಿ ಜಾಗ ಇರಲಿಲ್ಲ. ಅವರು ವ್ಯಾಪಾರಿಯ ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಿದ್ದರು. ಅವರ ಎತ್ತಿನ ಗಾಡಿಗಳು ಓಣಿಯಲ್ಲೇ ನಿಲ್ಲುತ್ತಿದ್ದವು. ಬೆಲ್ಲ ತಂದ ಗಾಡಿ ಒಳಗೆ ಬರಲಾಗದೆ ಸಂತೆ ಬಯಲಿನಲ್ಲೇ ಕಾಯಬೇಕಾಗುತ್ತಿತ್ತು. ವ್ಯಾಪಾರಿಯ ಮನೆಯಲ್ಲಿ ಮೊಟ್ಟೆಯನ್ನು ಯಾರೂ ಮುಟ್ಟುವವರಲ್ಲ. ಬೆಳಗ್ಗೆ ಬಾಗಿಲು ತೆಗೆದರೆ ಮೊಟ್ಟೆಯ ಚಿಪ್ಪು ಹೊಸ್ತಿಲ ಹತ್ತಿರ ಬಂದು ಬಿದ್ದಿರುತ್ತಿತ್ತು.

ವ್ಯಾಪಾರಿ ಬಾಗಿಲಲ್ಲಿ ನಿಂತು "ಹುಲಿಗೆಪ್ಪಾ" ಎಂದು ಕೂಗುತ್ತಿದ್ದ.

ಹುಲಿಗೆಪ್ಪ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು "ಏನ್ರಿ ಶೆಟ್ಟರೇ" ಎನ್ನುತ್ತಿದ್ದ.

ಆಮೇಲೆ ಬೈಗುಳ. ಕಟ್ಟೆ ನನ್ನ ಅಪ್ಪ ಕಟ್ಟಿಸಿದ್ದು, ನಿನ್ನ ಮನೆಯ ಜಗಲಿಯಲ್ಲ ಎಂದು ವ್ಯಾಪಾರಿ. ಮುರಿದ ಕಾಲಿನವನನ್ನು ನಿಲ್ಲಿಸಲಿ ಹೇಗೆ ಎಂದು ಹುಲಿಗೆಪ್ಪ. ವ್ಯಾಪಾರಿಯ ದನಿ ದೊಡ್ಡದು. ಹುಲಿಗೆಪ್ಪನದು ಸಣ್ಣದು, ಆದರೆ ಅವನು ಯಾವ ದಿನವೂ ಉತ್ತರ ಕೊಡದೆ ಒಳಗೆ ಹೋದವನಲ್ಲ. ಓಣಿಯ ಜನ ಆ ಕೂಗಿಗೆ ಏಳುತ್ತಿದ್ದರು. ಶೆಟ್ಟರು ಕೂಗುವ ಮೊದಲು ನೀರು ತರಬೇಕು, ಶೆಟ್ಟರು ಕೂಗಿದ ಮೇಲೆ ಒಲೆ ಹಚ್ಚಬೇಕು ಎಂದು ಹೆಂಗಸರು ಹೇಳಿಕೊಳ್ಳುತ್ತಿದ್ದರು.

ಹೀಗೆ ಇಪ್ಪತ್ತೆರಡು ವರ್ಷ ನಡೆಯಿತು.

ಆ ನಡುವೆ ಒಮ್ಮೆ ವ್ಯಾಪಾರಿ ನೆಂಟರ ಮದುವೆಗೆಂದು ಮೂರು ದಿನ ಪರವೂರಿಗೆ ಹೋಗಿದ್ದ. ತಿರುಗಿ ಬಂದ ಬೆಳಗ್ಗೆ ಎಂದಿನಂತೆ ಕೂಗಿದ. ಹುಲಿಗೆಪ್ಪ ಹೊರಗೆ ಬಂದು, "ಎಲ್ಲಿಗೆ ಹೋಗಿದ್ರಿ ಶೆಟ್ಟರೇ? ಮೂರು ದಿನ ನಾನು ಏಳುವುದು ತಡವಾಯಿತು" ಎಂದ. ಕಟ್ಟೆಯ ಮೇಲೆ ಕೂತಿದ್ದವರು ನಕ್ಕರು. ವ್ಯಾಪಾರಿಗೆ ಸಿಟ್ಟು ಬಂತು. ಅಂದು ಎರಡು ಮಾತು ಹೆಚ್ಚಿಗೆ ಬೈದ.

ಜಗಳದ ಹದಿನೆಂಟನೆಯ ವರ್ಷದಲ್ಲಿ ಒಂದು ದಿನ ವ್ಯಾಪಾರಿ ಅಟ್ಟದಿಂದ ಬೆಲ್ಲದ ಪೆಂಟೆ ಇಳಿಸುತ್ತಿದ್ದ. ಏಣಿ ಜಾರಿತು. ಕೆಳಗೆ ಬಿದ್ದು ಅವನ ಬಲಗೈ ಮುರಿಯಿತು. ಕಟ್ಟೆಯ ಮೇಲೆ ಕೂತಿದ್ದವರೇ ಒಳಗೆ ಓಡಿ ಬಂದು ಅವನನ್ನು ಎತ್ತಿದರು. ಅವರಲ್ಲೊಬ್ಬ ಎದುರು ಮನೆಗೆ ಹೋಗಿ ಸುದ್ದಿ ಹೇಳಿದ.

ಹುಲಿಗೆಪ್ಪ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದ. ಅವನು ಅಂಗಡಿಯ ಹೊಸ್ತಿಲು ದಾಟಲಿಲ್ಲ. ಹೊರಗೆ ನಿಂತು, "ಶೆಟ್ಟರೇ, ಒಳಗೆ ಬರಲೇ?" ಎಂದು ಕೇಳಿದ.

ವ್ಯಾಪಾರಿ ನೋವಿನಲ್ಲಿದ್ದ. ಆದರೂ ಅವನು ಯೋಚಿಸಿದ್ದು ಒಂದೇ. ಇವತ್ತು ಇವನ ಕೈಗೆ ನನ್ನ ಕೈ ಕೊಟ್ಟರೆ ನಾಳೆ ಯಾವ ಬಾಯಿಂದ ಇವನನ್ನು ಬೈಯಲಿ?

"ಬೇಡ" ಎಂದ.

ಗಾಡಿ ಕಟ್ಟಿಸಿ ಎರಡು ದಿನದ ದಾರಿ ಹೋಗಿ, ಬೇರೆ ಊರಿನಲ್ಲಿ ಯಾರಿಂದಲೋ ಕೈ ಕಟ್ಟಿಸಿಕೊಂಡ. ಹೋಗುವ ದಾರಿಯಲ್ಲಿ ಎಲುಬು ಗಾಡಿಯ ಕುಲುಕಾಟಕ್ಕೆ ಇನ್ನಷ್ಟು ಸರಿದಿತ್ತು. ತಿಂಗಳ ಮೇಲೆ ಕಟ್ಟು ಬಿಚ್ಚಿ ಊರಿಗೆ ಬಂದ. ಕೈ ಸೊಟ್ಟಗೆ ಕೂಡಿತ್ತು.

ಮರುದಿನ ಬೆಳಗ್ಗೆ ಕೂಗಲು ಬಾಗಿಲಿಗೆ ಬಂದಾಗ ಹುಲಿಗೆಪ್ಪ ಆ ಕೈಯನ್ನು ನೋಡಿದ. ಹನ್ನೆರಡು ಹೆಜ್ಜೆ ದೂರದಿಂದಲೇ ನೋಡಿದ.

"ಶೆಟ್ಟರೇ, ಕೈ ತಪ್ಪಾಗಿ ಕೂಡಿದೆ. ಎಲುಬು ಇನ್ನೂ ಬಲಿತಿಲ್ಲ. ಹದಿನೈದು ದಿನದ ಒಳಗೆ ಬಂದರೆ ಬಿಡಿಸಿ ಮತ್ತೆ ಕೂಡಿಸಬಹುದು. ನೋವಾಗುತ್ತದೆ. ಆದರೆ ನೆಟ್ಟಗಾಗುತ್ತದೆ."

"ನನ್ನ ಕೈಯ ಮಾತು ನಿನಗೆ ಬೇಡ. ಮೊದಲು ನನ್ನ ಕಟ್ಟೆ ಖಾಲಿ ಮಾಡಿಸು" ಎಂದ ವ್ಯಾಪಾರಿ.

ಮಾರನೆಯ ದಿನ ಅವನು ಕೂಗಿದಾಗ ಹುಲಿಗೆಪ್ಪ ಹೊರಗೆ ಬಂದು "ಇನ್ನು ಹದಿನಾಲ್ಕು ದಿನ" ಎಂದ. ಬೈಗುಳಕ್ಕೆ ಬೇರೆ ಉತ್ತರ ಕೊಡಲಿಲ್ಲ. ಅದರ ಮಾರನೆಯ ದಿನ "ಇನ್ನು ಹದಿಮೂರು ದಿನ" ಎಂದ. ವ್ಯಾಪಾರಿ ಏನು ಬೈದರೂ ಹುಲಿಗೆಪ್ಪ ಅಂದಿನ ಲೆಕ್ಕವೊಂದನ್ನು ಹೇಳಿ ಒಳಗೆ ಹೋಗುತ್ತಿದ್ದ. ಕೊನೆಗೆ ಒಂದು ದಿನ "ಇವತ್ತೊಂದೇ ದಿನ ಶೆಟ್ಟರೇ" ಎಂದ. ಆ ದಿನ ಬಹಳ ಹೊತ್ತು ತನ್ನ ಬಾಗಿಲಲ್ಲೇ ನಿಂತಿದ್ದ.

ವ್ಯಾಪಾರಿ ಹನ್ನೆರಡು ಹೆಜ್ಜೆ ನಡೆಯಲಿಲ್ಲ.

ಮರುದಿನದಿಂದ ಹುಲಿಗೆಪ್ಪ ಆ ಮಾತು ಎತ್ತಲಿಲ್ಲ. ಮತ್ತೆ ಕಟ್ಟೆಯ ಜಗಳ, ಚಿಪ್ಪಿನ ಜಗಳ. ವ್ಯಾಪಾರಿಯ ಕೈ ಹಾಗೆಯೇ ಬಲಿಯಿತು. ಅದು ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ತಲೆಗೆ ರುಮಾಲು ಸುತ್ತಿಕೊಳ್ಳಲು ಹೆಂಡತಿ ಬೇಕಾಯಿತು.

ಇನ್ನೂ ನಾಲ್ಕು ವರ್ಷ ಕಳೆದ ಮೇಲೆ ಒಂದು ಚಳಿಗಾಲದಲ್ಲಿ ಹುಲಿಗೆಪ್ಪನಿಗೆ ಜ್ವರ ಬಂತು. ಆರು ದಿನ ಮಲಗಿದ್ದು ತೀರಿಕೊಂಡ. ಅವನ ಹೆಂಡತಿ ಹಿಂದಿನ ವರ್ಷವೇ ತೀರಿಹೋಗಿದ್ದಳು. ಅವನಿಗೆ ಇದ್ದವಳು ಒಬ್ಬಳೇ ಮಗಳು, ದ್ಯಾಮವ್ವ. ಅವಳು ಗಂಡನೊಂದಿಗೆ ಅದೇ ಮನೆಯಲ್ಲಿದ್ದಳು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಅಪ್ಪನ ವಿದ್ಯೆಯನ್ನು ಮನೆಯಲ್ಲಿ ಯಾರೂ ಕಲಿತಿರಲಿಲ್ಲ.

ಮಣ್ಣು ಮಾಡಲು ಹೋದವರಲ್ಲಿ ವ್ಯಾಪಾರಿಯೂ ಇದ್ದ. ಎಲ್ಲರಿಗಿಂತ ಹಿಂದೆ ನಡೆದ. ಹಳ್ಳಿಗಳಿಂದ ಎಷ್ಟು ಜನ ಬಂದಿದ್ದರೆಂದರೆ, ಮುಂದಿನವರು ಕೆರೆಯ ಏರಿ ದಾಟಿದರೂ ಹಿಂದಿದ್ದ ಅವನು ಇನ್ನೂ ಓಣಿಯಲ್ಲೇ ಇದ್ದ.

ಮರುದಿನ ಬೆಳಗ್ಗೆ ಅವನು ಬಾಗಿಲು ತೆಗೆದ. ಕಟ್ಟೆ ಖಾಲಿ ಇತ್ತು. ಹೊಸ್ತಿಲ ಹತ್ತಿರ ಏನೂ ಬಿದ್ದಿರಲಿಲ್ಲ. ರೂಢಿಯಂತೆ ಬಾಯಿ ತೆರೆದ. ಯಾರನ್ನು ಕೂಗಬೇಕು? ಬಾಯಿ ಮುಚ್ಚಿಕೊಂಡು ಒಳಗೆ ಹೋದ.

ಕೆಲವು ತಿಂಗಳು ದೂರದ ಹಳ್ಳಿಯವರು ಸುದ್ದಿ ತಿಳಿಯದೆ ಬರುತ್ತಿದ್ದರು. ಮುರಿದ ಕೈಯನ್ನು ಎದೆಗೆ ಒತ್ತಿ ಹಿಡಿದುಕೊಂಡು "ಹುಲಿಗೆಪ್ಪನ ಮನೆ ಯಾವುದು?" ಎಂದು ವ್ಯಾಪಾರಿಯನ್ನೇ ಕೇಳುತ್ತಿದ್ದರು. "ಅವನು ಇಲ್ಲ" ಎಂದು ಹೇಳಿ ಅವರನ್ನು ಕಟ್ಟೆಯ ಮೇಲೆ ಕೂರಿಸಿ ನೀರು ಕೊಡುತ್ತಿದ್ದ. ಬರಬರುತ್ತ ಅವರೂ ನಿಂತರು. ಬೆಲ್ಲದ ಗಾಡಿಗಳು ನೇರ ಅಂಗಡಿಯ ಬಾಗಿಲಿಗೇ ಬರತೊಡಗಿದವು. ಇಪ್ಪತ್ತೆರಡು ವರ್ಷ ಅವನು ಬಯಸಿದ್ದು ಅದೇ.

ಆದರೆ ಬೆಳಗಾದರೆ ಅವನಿಗೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಬಾಗಿಲು ತೆಗೆದು ಸುಮ್ಮನೆ ನಿಲ್ಲುತ್ತಿದ್ದ. ಗಾಡಿಯವರನ್ನು ಕಾರಣವಿಲ್ಲದೆ ಬೈಯುತ್ತಿದ್ದ. ಅವರು ತಲೆ ತಗ್ಗಿಸಿ ಕೇಳುತ್ತಿದ್ದರು, ಯಾರೂ ಎದುರು ಮಾತಾಡುತ್ತಿರಲಿಲ್ಲ. ಬೈದು ಸಮಾಧಾನವಾಗುತ್ತಿರಲಿಲ್ಲ. ಓಣಿಯ ಹೆಂಗಸರಿಗೆ ನೀರು ತರುವ ಹೊತ್ತು ತಪ್ಪುತ್ತಿತ್ತು.

ಮೂರು ವರ್ಷ ಹೀಗೆ ಹೋಯಿತು. ಆಗ ಪುರಸಭೆಯವರು ಊರಿನ ಓಣಿಗಳಿಗೆಲ್ಲ ಹೆಸರು ಇಡಬೇಕೆಂದು ತೀರ್ಮಾನಿಸಿದರು. ಆಯಾ ಓಣಿಯಲ್ಲಿ ಬಾಳಿ, ಊರಿಗೆ ಉಪಕಾರ ಮಾಡಿ ತೀರಿಕೊಂಡವರ ಹೆಸರನ್ನು ಓಣಿಯವರೇ ಸೂಚಿಸಬೇಕು. ಸತ್ತವರ ಮನೆಯವರು ಒಪ್ಪಬೇಕು. ಆಮೇಲೆ ಪುರಸಭೆ ಫಲಕ ಹಾಕಿಸುತ್ತದೆ.

ಸಂತೆಯ ಹಿಂದಿನ ಓಣಿಯಲ್ಲಿ ಈ ಬಗ್ಗೆ ಚರ್ಚೆಯೇ ಆಗಲಿಲ್ಲ. ವ್ಯಾಪಾರಿಯ ತಂದೆ ಸಂಗಣ್ಣ ಶೆಟ್ಟರು ಆ ಓಣಿಗೆ ಸಿಹಿನೀರಿನ ಬಾವಿ ತೋಡಿಸಿದ್ದರು. ಓಣಿಯ ಹಿರಿಯರು ಕಾಗದ ಬರೆಸಿಕೊಂಡು, ಮೊದಲ ರುಜು ಮಗನದೇ ಇರಲಿ ಎಂದು ವ್ಯಾಪಾರಿಯ ಅಂಗಡಿಗೆ ಬಂದರು. ವ್ಯಾಪಾರಿಯ ಮಗ ಅವರಿಗೆ ಚಾಪೆ ಹಾಸಿದ. ಎಲ್ಲರೂ ಸಂತೋಷದಲ್ಲಿದ್ದರು.

ವ್ಯಾಪಾರಿ ಕಾಗದವನ್ನು ಓದಿ ಹಿಂದಕ್ಕೆ ಕೊಟ್ಟ.

"ನನ್ನ ಅಪ್ಪನ ಹೆಸರು ಬೇಡ. ಹುಲಿಗೆಪ್ಪನ ಹೆಸರು ಬರೆಯಿರಿ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಸತ್ತವನ ಮೇಲೂ ಇವನ ಹಗೆ ತೀರಿಲ್ಲ, ಇದು ಹಾಸ್ಯವಿರಬೇಕು ಎಂದುಕೊಂಡರು. ಮಗನಿಗೆ ನೋವಾಯಿತು.

"ಅಪ್ಪಾ, ಅಜ್ಜ ತೋಡಿಸಿದ ಬಾವಿಯ ನೀರು ಈ ಓಣಿ ಕುಡಿಯುತ್ತಿದೆ. ಅವರ ಹೆಸರು ಉಳಿಯುವುದು ನಿಮಗೆ ಬೇಡವೇ?"

"ನಿನ್ನ ಹೆಸರೇನು?" ಎಂದು ಕೇಳಿದ ವ್ಯಾಪಾರಿ.

"ಸಂಗಣ್ಣ."

"ನಿನ್ನನ್ನು ಕರೆದಾಗಲೆಲ್ಲ ನಾನು ನನ್ನ ಅಪ್ಪನನ್ನೇ ಕರೆಯುತ್ತೇನೆ. ದಿನಕ್ಕೆ ಹತ್ತು ಸಲ ಈ ಮನೆಯಲ್ಲಿ ಅವರ ಹೆಸರು ಕೇಳಿಸುತ್ತದೆ. ಎದುರು ಮನೆಯಲ್ಲಿ ಹುಲಿಗೆಪ್ಪನ ಹೆಸರಿನವರು ಯಾರಿದ್ದಾರೆ?"

ಹಿರಿಯರು ಬೇರೆ ಕಾಗದ ಬರೆಸಿದರು.

ಪುರಸಭೆಯಲ್ಲಿ ಆ ಕಾಗದ ಓದಿದಾಗ ಅಧ್ಯಕ್ಷರಿಗೆ ಅದು ಸರಿ ಕಾಣಲಿಲ್ಲ. "ಬೇರೆ ಓಣಿಯವರು ಶಾಲೆ ಕಟ್ಟಿಸಿದವರ, ಛತ್ರ ಕಟ್ಟಿಸಿದವರ ಹೆಸರು ಕೊಟ್ಟಿದ್ದಾರೆ. ಈ ಹುಲಿಗೆಪ್ಪ ಊರಿಗೆ ಏನು ಕಟ್ಟಿಸಿದ್ದಾನೆ?" ಎಂದು ಕೇಳಿದರು.

ವ್ಯಾಪಾರಿ ಎದ್ದು ನಿಂತ. "ಹುಲಿಗೆಪ್ಪ ಕೂಡಿಸಿದ ಕೈ ಇಲ್ಲಿ ಯಾರಿಗಿದೆಯೋ ಅವರು ಆ ಕೈ ಎತ್ತಬೇಕು" ಎಂದ.

ಮೊದಲು ಒಬ್ಬರು ಎತ್ತಿದರು. ಆಮೇಲೆ ಇನ್ನಿಬ್ಬರು. ಮೂಲೆಯಲ್ಲಿ ಕೂತಿದ್ದ ಸದಸ್ಯರೊಬ್ಬರು "ನನ್ನದು ಕಾಲು" ಎಂದು ಎದ್ದು ನಿಂತರು. ನೋಡಲು ಬಂದಿದ್ದ ಜನರಲ್ಲಿ ಅರ್ಧಕ್ಕರ್ಧ ಕೈ ಮೇಲೆ ಹೋದವು. ನೀರು ಕೊಡುವ ಜವಾನನೂ ಬಾಗಿಲ ಹತ್ತಿರ ಕೈ ಎತ್ತಿ ನಿಂತಿದ್ದ. ಎಲ್ಲವೂ ನೆಟ್ಟಗಿನ ಕೈಗಳು.

ವ್ಯಾಪಾರಿ ತನ್ನ ಬಲಗೈಯನ್ನೂ ಎತ್ತಿದ. ಅದು ಭುಜದವರೆಗೆ ಹೋಗಿ ನಿಂತಿತು.

"ಇದು ಅವನು ಕೂಡಿಸಿದ್ದಲ್ಲ. ಎದುರು ಮನೆಯವನಾಗಿ ನಾನು ಅವನ ಹತ್ತಿರ ಹೋಗಲಿಲ್ಲ. ಅವನು ಊರಿಗೆ ಏನು ಮಾಡಿದ ಎಂದು ನಿಮಗೆ ಮರೆತಿರಬಹುದು. ನಾನು ದಿನಾ ಅಂಗಿ ತೊಡುವಾಗ ನೆನೆಯಬೇಕಾಗುತ್ತದೆ."

ಅಧ್ಯಕ್ಷರು ಸ್ವಲ್ಪ ಹೊತ್ತು ಕಾಗದವನ್ನೇ ನೋಡಿದರು. ಆಮೇಲೆ ಅವರ ಕೈಯೂ ಮೆಲ್ಲಗೆ ಮೇಲೆ ಬಂತು. ಹತ್ತು ವರ್ಷದವರಿದ್ದಾಗ ಮರದಿಂದ ಬಿದ್ದದ್ದು ಅವರಿಗೆ ಆಗ ನೆನಪಾಗಿತ್ತು.

"ಮನೆಯವರ ಒಪ್ಪಿಗೆ ತನ್ನಿ" ಎಂದರು.

ಹಿರಿಯರು ದ್ಯಾಮವ್ವನ ಹತ್ತಿರ ಹೋದರು. ಅವಳು ಒಪ್ಪಲಿಲ್ಲ. "ಈ ಮಾತು ಎತ್ತಿದವರು ಶೆಟ್ಟರು ಎಂದು ಕೇಳಿದ್ದೇನೆ. ಆ ಬಾಯಿಂದ ನಮ್ಮ ಅಪ್ಪನಿಗೆ ಯಾವ ಮರ್ಯಾದೆಯೂ ಬೇಡ" ಎಂದಳು. ಹಿರಿಯರು ಬಂದು ಅದನ್ನೇ ವ್ಯಾಪಾರಿಗೆ ಹೇಳಿದರು.

ಮರುದಿನ ಬೆಳಗ್ಗೆ ವ್ಯಾಪಾರಿ ಬಾಗಿಲು ತೆಗೆದು ಓಣಿಗೆ ಇಳಿದ. ಎದುರು ಬಾಗಿಲಿಗೆ ಹೋದ. ಆ ಹನ್ನೆರಡು ಹೆಜ್ಜೆ ಅವನು ನಡೆದದ್ದು ಅದೇ ಮೊದಲು.

"ದ್ಯಾಮವ್ವಾ, ಒಳಗೆ ಬರಲೇನವ್ವಾ?"

ಅವಳು ಅಂಗಳ ಗುಡಿಸುತ್ತಿದ್ದಳು. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಅವನು ಹೊಸ್ತಿಲ ಹೊರಗೇ ನೆಲದ ಮೇಲೆ ಕೂತ.

"ನೀವು ಬೈದದ್ದನ್ನು ಅಪ್ಪ ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ, ಶೆಟ್ಟರೇ" ಎಂದಳು ದ್ಯಾಮವ್ವ. "ಅದು ಅವರಿಗೆ ಆಟ ಇದ್ದ ಹಾಗೆ. ಆದರೆ ನಮ್ಮ ಅವ್ವ ಬೆಳಗಾದರೆ ಹೆದರುತ್ತಿದ್ದಳು. ನಿಮ್ಮ ದನಿ ಕೇಳಿದ ಕೂಡಲೇ ಅಡುಗೆ ಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಸಾಯುವ ತನಕ ಹಾಗೇ ಇದ್ದಳು. ಅದು ನಿಮಗೆ ಗೊತ್ತೇ?"

"ಗೊತ್ತಿರಲಿಲ್ಲ" ಎಂದ ವ್ಯಾಪಾರಿ.

ಇಪ್ಪತ್ತೆರಡು ವರ್ಷ ತಾನು ಒಬ್ಬನನ್ನು ಬೈಯುತ್ತಿದ್ದೇನೆ ಎಂದುಕೊಂಡಿದ್ದ. ಒಳಗೆ ಇನ್ನೊಬ್ಬಳು ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ತಲೆ ತಗ್ಗಿಸಿ ಕೂತ.

ದ್ಯಾಮವ್ವ ಪೊರಕೆ ಇಟ್ಟು ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ನಾಲ್ಕು ಬಿದಿರಿನ ದಬ್ಬೆ ಇದ್ದವು. ಹಳೆಯ ಬಟ್ಟೆಯಲ್ಲಿ ಸುತ್ತಿ ಜಂತಿಯ ಸಂದಿನಲ್ಲಿ ಇಟ್ಟಿದ್ದನ್ನು ತೆಗೆದಿದ್ದಳು.

"ಆ ವರ್ಷ ನೀವು ಕೈ ಸೊಟ್ಟ ಮಾಡಿಕೊಂಡು ಬಂದಿರಲ್ಲ, ಅವತ್ತೇ ಅಪ್ಪ ಇವನ್ನು ಸೀಳಿದ್ದರು. ದಬ್ಬೆ ಮೆತ್ತಗಿರಬೇಕು ಎಂದು ನೀರಿನಲ್ಲಿ ಹಾಕಿದರು. ದಿನಾ ಸಂಜೆ ನೀರು ಬದಲಿಸುತ್ತಿದ್ದರು. ಹದಿನೈದು ದಿನವೂ ಬದಲಿಸಿದರು. ಹದಿನಾರನೆಯ ದಿನ ತೆಗೆದು ಒಣಗಿಸಿದರು. ಬೇರೆಯವರಿಗೆ ಹಾಕೋಣ ಎಂದರೆ ಕೇಳಲಿಲ್ಲ. ಇದು ಶೆಟ್ಟರ ಕೈಯ ಅಳತೆ ಎಂದರು."

ವ್ಯಾಪಾರಿ ಒಂದು ದಬ್ಬೆಯನ್ನು ತೆಗೆದುಕೊಂಡ. ತನ್ನ ಬಲಗೈಯ ಮೇಲೆ ಇಟ್ಟು ನೋಡಿದ. ಉದ್ದ ಸರಿಯಾಗಿತ್ತು. ಭುಜದಿಂದ ಮೊಣಕೈಯವರೆಗೆ, ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆಯಿಲ್ಲ. ಹುಲಿಗೆಪ್ಪ ಆ ಕೈಯನ್ನು ಒಮ್ಮೆಯೂ ಮುಟ್ಟಿರಲಿಲ್ಲ. ದಬ್ಬೆ ನೆಟ್ಟಗಿತ್ತು. ಕೈ ಅದಕ್ಕೆ ಹೊಂದಲಿಲ್ಲ. ನಡುವೆ ಎರಡು ಬೆರಳು ತೂರುವಷ್ಟು ಸಂದು ಉಳಿಯಿತು.

ಅವನು ಬಹಳ ಹೊತ್ತು ಅದನ್ನು ಹಾಗೇ ಹಿಡಿದುಕೊಂಡು ಕೂತಿದ್ದ. ದ್ಯಾಮವ್ವ ಅವನ ಮುಖ ನೋಡಲಿಲ್ಲ. ಓಣಿಯ ಕಡೆಗೆ ನೋಡುತ್ತ ನಿಂತಳು.

ಕೊನೆಗೆ ವ್ಯಾಪಾರಿ ಹೇಳಿದ. "ಅವ್ವಾ, ನಿನ್ನ ಅಪ್ಪನನ್ನು ನೀನು ಅಪ್ಪಾ ಎಂದು ಕರೆದೆ. ನಿನ್ನ ತಾಯಿ ಹೆಸರು ಹಿಡಿದು ಕರೆದಿರಲಿಕ್ಕಿಲ್ಲ. ಬಂದವರೆಲ್ಲ ಅಣ್ಣಾ ಎಂದರು, ಕಾಕಾ ಎಂದರು. ಹುಲಿಗೆಪ್ಪಾ ಎಂದು ದಿನಾ ಕರೆದವನು ನಾನೊಬ್ಬನೇ. ಅವನು ಹೋದ ಮೇಲೆ ಈ ಕಾಗದದ ಮಾತು ಬರುವ ತನಕ ಆ ಹೆಸರು ನನ್ನ ಬಾಯಿಗೆ ಬಂದಿರಲಿಲ್ಲ. ಖಾಲಿ ಓಣಿಯಲ್ಲಿ ನಿಂತು ಸತ್ತವನನ್ನು ಕೂಗಿದರೆ ಜನ ಏನೆಂದುಕೊಳ್ಳುತ್ತಾರೆ? ಓಣಿಗೆ ಆ ಹೆಸರು ಬಂದರೆ, ಗಾಡಿಯವರು ದಾರಿ ಕೇಳಿದಾಗಲಾದರೂ ನಾನು ಅದನ್ನು ಹೇಳಬಹುದು."

ದ್ಯಾಮವ್ವ ಅವನ ಕಡೆ ತಿರುಗಿದಳು. ಅವನು ತಂದಿದ್ದ ಕಾಗದವನ್ನು ಕೈ ಚಾಚಿ ತೆಗೆದುಕೊಂಡಳು. ಅದರ ಕೆಳಗೆ ಹೆಬ್ಬೆಟ್ಟು ಒತ್ತಿದಳು.

"ಅಪ್ಪನಿಗೆ ಇದು ಬೇಕಿರಲಿಲ್ಲ" ಎಂದಳು. "ನೀವು ಕೇಳಿದ್ದಕ್ಕೆ ಕೊಟ್ಟೆ. ಆದರೆ ಅವ್ವನ ಮಾತು ಬೇರೆ. ಅದನ್ನು ನಾನು ಮರೆಯುವುದಿಲ್ಲ."

"ಮರೆಯಬೇಡ" ಎಂದ ವ್ಯಾಪಾರಿ.

ದಬ್ಬೆಗಳನ್ನು ಅವಳು ತಿರುಗಿ ಕೇಳಲಿಲ್ಲ. ಅವನು ಅವುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೆ ಬಂದ.

ಮಳೆಗಾಲಕ್ಕೆ ಮುಂಚೆ ಓಣಿಯ ಬಾಯಲ್ಲಿ ಫಲಕ ಬಂತು. ಹುಲಿಗೆಪ್ಪನ ಓಣಿ. ಹಾಕಿದ ದಿನ ನಾಲ್ಕು ಜನ ಮಾತಾಡಿದರು. ವ್ಯಾಪಾರಿ ಮಾತಾಡಲಿಲ್ಲ. ದ್ಯಾಮವ್ವ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದು ನಿಂತಿದ್ದಳು. ವ್ಯಾಪಾರಿಯ ಮಗ ಸಂಗಣ್ಣ ಎಲ್ಲರಿಗೂ ಬೆಲ್ಲ ಹಂಚಿದ.

ನಾನು ಆ ಊರಿಗೆ ಹೋದದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ. ಆಗ ನನಗೆ ನಿನ್ನ ವಯಸ್ಸು. ಸಂತೆ ಬಯಲಿನಿಂದ ಬರುವಾಗ ಫಲಕ ಕಣ್ಣಿಗೆ ಬಿತ್ತು. ಹತ್ತಿರದ ಅಂಗಡಿಯ ಕಟ್ಟೆಯ ಮೇಲೆ ಒಬ್ಬ ಮುದುಕ ಕೂತಿದ್ದ. ಈ ಹುಲಿಗೆಪ್ಪ ಯಾರು ಎಂದು ಕೇಳಿದೆ. ಆ ಮುದುಕ ಕಟ್ಟೆಯ ಮೇಲೆ ನನಗೆ ಜಾಗ ಮಾಡಿಕೊಟ್ಟ. ಒಂದು ಚೂರು ಬೆಲ್ಲ, ಒಂದು ಚೊಂಬು ನೀರು ತರಿಸಿಕೊಟ್ಟ. ಆಮೇಲೆ ಹೇಳತೊಡಗಿದ. ತಾನು ಬೈದದ್ದನ್ನು ಮುಚ್ಚಿಡಲಿಲ್ಲ. ತಾನು ಹೋಗದೆ ಉಳಿದದ್ದನ್ನು ಮುಚ್ಚಿಡಲಿಲ್ಲ. ಅಡುಗೆ ಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದ ಹೆಂಗಸಿನ ವಿಷಯವನ್ನೂ ಬಿಡಲಿಲ್ಲ. ಹುಲಿಗೆಪ್ಪ ಎನ್ನುವಾಗಲೆಲ್ಲ ಅವನ ದನಿ ಸ್ವಲ್ಪ ದೊಡ್ಡದಾಗುತ್ತಿತ್ತು. ಬಿಸಿಲು ಕಟ್ಟೆಯ ಮೇಲೆ ಬರುವ ತನಕ ಹೇಳಿದ. ದಾರಿ ಕೇಳಿದವರಿಗೆಲ್ಲ ಹೀಗೇ ಹೇಳುತ್ತಾನೆ, ಅದರಿಂದ ಎಷ್ಟೋ ಗಾಡಿಗಳು ತಡವಾಗುತ್ತವೆ ಎಂದು ಅವನ ಮಗ ಆಮೇಲೆ ನನಗೆ ಹೇಳಿದ.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು.

"ಗುರುಗಳೇ, ವ್ಯಾಪಾರಿಗೆ ಏನು ಸಿಕ್ಕಿತು ಎಂದು ತಿಳಿಯಿತು. ಹುಲಿಗೆಪ್ಪನಿಗೆ ಏನು ಸಿಕ್ಕಿತು ಎಂದು ನೀವು ಹೇಳಲಿಲ್ಲ" ಎಂದ ಶಿಷ್ಯ.

ಗುರುಗಳು ಅವನ ಮುಖವನ್ನು ನೋಡಿ ಕೇಳಿದರು.

"ಹೆಸರು ಬೇಕಾದದ್ದು ಕರೆಯುವವನಿಗೆ. ಬಹಳ ದಿನದಿಂದ ನಿನ್ನ ಬಾಯಿಗೆ ಬಾರದೆ ಉಳಿದಿರುವ ಹೆಸರು ಯಾರದು?"